ಬೇಡದ ತುಂಡನ್ನೇ ಕೊಡುವ ಆಟ

ಲಾಭಕ್ಕಾಗಿ ಕೇಡು ಮಾಡುವವರ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಅವರದ್ದೂ ಒಂದು ಉದ್ಯೋಗ. ನನಗೆ ಸಹಿಸಲಾಗದವರೆಂದರೆ, ನಯಾಪೈಸೆ ಲಾಭವಿಲ್ಲದಿದ್ದರೂ ಫ್ಯಾನಿನ ಕೆಳಗೆ ಕುಳಿತು ಇನ್ನೊಬ್ಬನ ತಲೆ ಕೆಡಿಸುವುದಕ್ಕೆಂದೇ ಸ್ವಂತ ಬುದ್ಧಿ ಸವೆಸುವವರು. ಮದುವೆಯ ಊಟದಲ್ಲಿ ನಾವು ಹೋಳಿಗೆಯ ದಾರಿ ಕಾಯುತ್ತಿರುವಾಗ ಅದನ್ನು ಪಕ್ಕದ ಎಲೆಗೆ ಹಾರಿಸಿ, ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿನಿಂದ ನಮಗೆ ಅನ್ನ ಬಡಿಸಿ ಹೋಗುವ ಮಹಾನುಭಾವರು ಈ ಪಂಗಡದವರು. ಆದರೆ ಅವರದ್ದೆಲ್ಲ ಕೈಕೆಲಸ. ಅದೇ ವಿದ್ಯೆಯನ್ನು ಯಂತ್ರಕ್ಕೆ ಕಲಿಸಿ, ಅದನ್ನು ಆಟವೆಂದು ಕರೆದು, ಮೊಬೈಲಿನಲ್ಲಿ ಧರ್ಮಕ್ಕೆ ಹಂಚುವವನೂ ಒಬ್ಬನಿದ್ದಾನೆ ಎಂದು ನನಗೆ ತಿಳಿದದ್ದು ಈಚೆಗೆ, ನನ್ನ ಅಕ್ಕನ ಮಗಳು ನಿಶಾಳಿಂದ.

ನಿಶಾ ಮಸ್ಕತ್ತಿನಲ್ಲಿ ನರ್ಸು. ರಜೆಗೆ ಬಂದರೆ ಹೆಚ್ಚಿನ ದಿನ ಮಣಿಪಾಲದಲ್ಲಿ ತಾಯಿಯ ಜೊತೆ ಇರುತ್ತಾಳೆ. ಹೊರಡುವುದು ಮಾತ್ರ ಕಾಪುವಿನ ನಮ್ಮ ಮನೆಯಿಂದ. ಯಾಕೆಂದರೆ ಅವಳ ಪೆಟ್ಟಿಗೆ ಕಟ್ಟುವವನು ನಾನು. ಗಲ್ಫಿಗೆ ಪೆಟ್ಟಿಗೆ ಕಟ್ಟುವುದೆಂದರೆ ನಮ್ಮ ಕಡೆ ತಮಾಷೆಯ ಮಾತಲ್ಲ. ಒಂದು ರಟ್ಟಿನ ಪೆಟ್ಟಿಗೆಯೊಳಗೆ ಕುಚ್ಚಲಕ್ಕಿ, ಉಪ್ಪಿನಕಾಯಿ, ಒಣ ಸಿಗಡಿ, ಹೊಸ ಚೂಡಿದಾರ ಎಲ್ಲವೂ ಒಂದರ ವಾಸನೆ ಇನ್ನೊಂದಕ್ಕೆ ತಗಲದಂತೆ ಸಂಸಾರ ಮಾಡಬೇಕು. ನಾನು ಕಾರ್ಕಳದ ಟೈಲ್ಸ್ ಅಂಗಡಿಯಲ್ಲಿ ಕೆಲಸಕ್ಕಿರುವವನು. ಒಡೆಯುವ ಸಾಮಾನಿನ ಸ್ವಭಾವ ನನಗೆ ಗೊತ್ತು. ನಮ್ಮ ಬಂಧುಬಳಗದಲ್ಲಿ ನನಗೆ ಇರುವ ಏಕೈಕ ಗೌರವ ಇದೇ. ಉಳಿದ ವಿಷಯಗಳಲ್ಲಿ ನನ್ನ ಅಭಿಪ್ರಾಯ ಯಾರೂ ಕೇಳುವುದಿಲ್ಲ, ಪೆಟ್ಟಿಗೆ ಕಟ್ಟುವ ದಿನ ಮಾತ್ರ ನನಗೆ ಕುರ್ಚಿ ಹಾಕಿ ಚಹಾ ಕೊಡುತ್ತಾರೆ.

ಈ ಸಲ ನಿಶಾ ಆ ಕುರ್ಚಿಗೇ ಕೈಹಾಕಿದಳು. "ಮಾವ, ಪೆಟ್ಟಿಗೆ ನಾನೇ ಕಟ್ತೇನೆ. ನೀವು ಕಟ್ಟಿದ್ದನ್ನು ಬಿಚ್ಚಲಿಕ್ಕೆ ಅಲ್ಲಿ ರಜೆ ಹಾಕ್ಬೇಕಾಗ್ತದೆ. ಚಪ್ಪಲಿಯೊಳಗೆ ಬೆಳ್ಳುಳ್ಳಿ, ದಿಂಬಿನೊಳಗೆ ಸಂಡಿಗೆ. ಉಪ್ಪಿನಕಾಯಿ ಎಲ್ಲಿಟ್ಟಿದ್ದೀರಿ ಅಂತ ನನಗೆ ಗೊತ್ತಾಗುದು ಮುಂದಿನ ರಜೆಗೆ ಬ್ಯಾಗ್ ತುಂಬಿಸುವಾಗ."

ನಾನು ನನ್ನ ಪರಂಪರೆಯನ್ನು ಹೇಳಬೇಕಾಯಿತು. ಇವಳ ಅಪ್ಪ, ಅಂದರೆ ನನ್ನ ಬಾವ, ಹಿಂದೊಮ್ಮೆ ಗಲ್ಫಿನಿಂದ ಅಂಗೈಯಗಲದ ಬ್ಯಾಟರಿ ಆಟವೊಂದನ್ನು ತಂದಿದ್ದರು. ಮೇಲಿನಿಂದ ಇಟ್ಟಿಗೆಯಂಥ ತುಂಡುಗಳು ಬೀಳುತ್ತವೆ, ತಿರುಗಿಸಿ ಕೂರಿಸಬೇಕು, ಅಡ್ಡ ಸಾಲು ಪೂರ್ತಿ ತುಂಬಿದರೆ ಮಾಯವಾಗುತ್ತದೆ. ಆ ಆಟದಲ್ಲಿ ನನ್ನನ್ನು ಮೀರಿಸುವವರು ಆಗ ನಮ್ಮ ಕೇರಿಯಲ್ಲಿರಲಿಲ್ಲ. "ಸಂದು ನೋಡಿ ಸಾಮಾನು ಇಡುವ ವಿದ್ಯೆ ನನಗೆ ಅಲ್ಲಿಂದಲೇ ಬಂದದ್ದು" ಎಂದೆ.

"ಹೌದಾ? ಹಾಗಾದರೆ ಇದನ್ನು ಆಡಿ" ಎಂದು ಅವಳು ನನ್ನ ಮೊಬೈಲಿಗೆ ಏನೋ ಹಾಕಿಕೊಟ್ಟಳು. "ಅದೇ ಆಟ, ಸ್ವಲ್ಪ ಕಷ್ಟ ಅಷ್ಟೆ. ನಾನು ಹೊರಡುದರೊಳಗೆ ಒಂದೇ ಒಂದು ಸಾಲು ತುಂಬಿಸಿ ತೋರಿಸಿ. ಪೆಟ್ಟಿಗೆ ನಿಮ್ಮದು."

ಒಂದು ಸಾಲು. ನನಗೆ ನಗು ಬಂತು. ಆ ನಗು ಎಷ್ಟು ಹೊತ್ತು ಇತ್ತೆಂದರೆ, ಚಹಾ ಆರುವಷ್ಟು. ಹಳೆಯ ಆಟದಲ್ಲಿ ತುಂಡುಗಳು ಬರುವುದು ಅದೃಷ್ಟದಂತೆ. ಒಮ್ಮೆ ಬೇಡದ್ದು ಬಂದರೆ ಇನ್ನೊಮ್ಮೆ ಬೇಕಾದ್ದು ಬರುತ್ತದೆ, ದೇವರಿದ್ದಾನೆ ಎಂಬ ಧೈರ್ಯವಾದರೂ ಇರುತ್ತದೆ. ಈ ದರಿದ್ರದ್ದು ಹಾಗಲ್ಲ. ನಾವು ಕಟ್ಟಿದ ರಾಶಿಯನ್ನು ಅದು ಮೇಲಿನಿಂದ ಚೆನ್ನಾಗಿ ನೋಡುತ್ತದೆ, ಯಾವ ತುಂಡು ಕೊಟ್ಟರೆ ಇವನಿಗೆ ಅತಿ ಕಡಿಮೆ ಉಪಯೋಗ ಎಂದು ಲೆಕ್ಕ ಹಾಕುತ್ತದೆ, ಅದನ್ನೇ ಕೊಡುತ್ತದೆ. ಉದ್ದ ಸಂದು ಬಿಟ್ಟರೆ ಸೊಟ್ಟ ತುಂಡು, ಸೊಟ್ಟಕ್ಕೆ ಜಾಗ ಮಾಡಿದರೆ ಚೌಕದ್ದು. ಇದಕ್ಕಿಂತ ದೊಡ್ಡ ಅವಮಾನವೆಂದರೆ, ಈ ಆಟಕ್ಕೆ ಅವಸರವೇ ಇಲ್ಲ. ತುಂಡು ತಾನಾಗಿ ಬೀಳುವುದಿಲ್ಲ. ನಾವು ಇಳಿಸುವ ತನಕ ಅಲ್ಲೇ ನಿಂತಿರುತ್ತದೆ, ನಿಧಾನವಾಗಿ ಯೋಚಿಸಿ ಎಂಬಂತೆ. ಬಸ್ಸು ಹೋದಮೇಲೆ, ಬೇಕಾದಷ್ಟು ಹೊತ್ತು ಕೂತುಕೊಳ್ಳಿ ಎಂದು ಬೆಂಚು ತೋರಿಸುವವರ ಮರ್ಯಾದೆ ಅದು.

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ದಿನವೂ ಅದೇ ಕೆಲಸವಾಯಿತು. ಒಂದು ದಿನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಅಡಿಕೆ ವ್ಯಾಪಾರದವರಂತೆ, ಸ್ವಲ್ಪ ಹೊತ್ತು ಬಗ್ಗಿ ನೋಡಿ, "ಎಡಗಡೆ ಹಾಕಿ, ಎಡಗಡೆ" ಎಂದರು. ಹಾಕಿದೆ. "ಛೆ, ತಿರುಗಿಸಿ ಹಾಕ್ಬೇಕಿತ್ತು ಮಾರಾಯ್ರೆ, ಇಷ್ಟು ಗೊತ್ತಾಗುದಿಲ್ವಾ? ಕೊಡಿ ಇತ್ಲಾಗೆ" ಎಂದು ಮೊಬೈಲನ್ನೇ ತೆಗೆದುಕೊಂಡರು. ಅವರು ಇಳಿಯಬೇಕಾಗಿದ್ದ ಬೆಳ್ಮಣ್ ಹಿಂದೆ ಹೋಯಿತು. ನಿಟ್ಟೆಯಲ್ಲಿ ಎಚ್ಚರವಾಗಿ ಎದ್ದು, ಮೊಬೈಲನ್ನು ನನ್ನ ಮಡಿಲಿಗೆ ಹಾಕಿ, "ಇದು ಮರ್ಯಾದಸ್ಥರು ಇಟ್ಟುಕೊಳ್ಳುವಂಥದ್ದಲ್ಲ" ಎಂದು ಇಳಿದುಹೋದರು. ಆಟ ಮಾಡಿದವನಿಗೆ ಬೈಯಬೇಕಾದ್ದನ್ನು ನನಗೆ ಬೈದರು.

ಈ ಆಟವನ್ನು ಹೊಗಳುವವರೂ ಇದ್ದಾರಂತೆ. ನಾನು ಇಷ್ಟು ಸಾಲು ಮಾಡಿದೆ, ನಾನು ಅಷ್ಟು ಮಾಡಿದೆ ಎಂದು ಬೇರೆ ಬೇರೆ ದೇಶದ ಜನ ಪರಸ್ಪರ ಬೆನ್ನು ತಟ್ಟಿಕೊಳ್ಳುವುದನ್ನು ನಿಶಾ ತೋರಿಸಿದಳು. ಅವರಿಗೆ ಮನೆ, ಮಠ, ಗ್ಯಾಸ್ ಸಿಲಿಂಡರು ಯಾವುದೂ ಇಲ್ಲವೆಂದು ಕಾಣುತ್ತದೆ. ನನಗೆ ಇವೆಲ್ಲವೂ ಇದ್ದವು, ಜೊತೆಗೆ ಅಜೆಕಾರಿನಿಂದ ಮದುವೆಯಾಗಿ ಬಂದ ಸುಮತಿಯೂ ಇದ್ದಳು. "ಇವರಿಗೆ ಅದನ್ನು ಯಾಕೆ ಕೊಟ್ಟದ್ದು ಮಾರಾಯ್ತಿ?" ಎಂದು ಅವಳು ನಿಶಾಳನ್ನು ಕೇಳಿದಳು. "ಗ್ಯಾಸ್ ಮುಗಿದು ಎರಡು ದಿನ ಆಯ್ತು. ಬುಕ್ ಮಾಡಿ ಅಂದ್ರೆ, ತಡಿ, ಉದ್ದದ್ದು ಬರ್ಲಿ ಅಂತಾರೆ."

ಉದ್ದದ್ದು ಬರಲಿಲ್ಲ. ಆ ದಿನಗಳಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ, ಕಾರ್ಕಳದ ಪೇಟೆಯಲ್ಲಿ ನಿಶಾಳಿಗಾಗಿ ಕಾಯಿ ತುರಿಯುವ ಒಂದು ಹೆರೆಮಣೆ ಕೊಂಡದ್ದು. ಮಸ್ಕತ್ತಿನಲ್ಲಿ ಸಿಗುವ ತುರಿದ ಕಾಯಿ ಮರದ ಹೊಟ್ಟಿನ ಹಾಗೆ ಉಂಟು ಎಂದು ಅವಳು ಒಮ್ಮೆ ಅಂದದ್ದು ಮನಸ್ಸಿನಲ್ಲಿತ್ತು. ಹೊರಡುವಾಗ ಕೊಟ್ಟು ಖುಷಿಪಡಿಸೋಣವೆಂದು ಕಪಾಟಿನ ಮೂಲೆಯಲ್ಲಿ ಅಡಗಿಸಿಟ್ಟೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ನಿಶಾ ಪೆಟ್ಟಿಗೆ ಕಟ್ಟಲು ಕುಳಿತಳು. ನಾನು ಸೋತವರ ಜಾಗದಲ್ಲಿ, ಜಗಲಿಯ ತುದಿಯಲ್ಲಿ ಕುಳಿತೆ. ಅವಳದು ಶಾಸ್ತ್ರೀಯ ವಿಧಾನ: ಬಟ್ಟೆಯನ್ನೆಲ್ಲ ಸುರುಳಿ ಸುತ್ತಿ, ಒಂದು ಬದಿಯಲ್ಲಿ ಉದ್ದಕ್ಕೆ ಸಂದು ಬಿಟ್ಟಳು. ಅಷ್ಟರಲ್ಲಿ ಮಟ್ಟುವಿನಿಂದ ಬಾವನ ತಮ್ಮ ಬಂದರು. "ಮಗಾ, ಸ್ವಲ್ಪ ಗುಳ್ಳ ತಂದಿದ್ದೇನೆ. ಜಾಗ ಉಂಟಲ್ವಾ?" ಗುಂಡುಗುಂಡಾದ, ತೊಟ್ಟಿನಲ್ಲಿ ಮುಳ್ಳಿರುವ ಬದನೆಗಳು. ನಿಶಾ ಸುರುಳಿ ಬಿಚ್ಚಿ ಗುಂಡಿ ಮಾಡಿದಳು. ಗುಂಡಿ ಮುಗಿಯುವ ಹೊತ್ತಿಗೆ ಹಿಂದಿನ ಮನೆಯ ಲಿಲ್ಲಿ ಬಾಯಿ ಗೇಟಿನಲ್ಲಿ ಕಾಣಿಸಿದರು. ಅವರ ಮಗನೂ ಮಸ್ಕತ್ತಿನಲ್ಲಿದ್ದಾನೆ. "ಒಂದು ಚಿಕ್ಕದು ಮಾತ್ರ, ನಿಶಾ. ನಮ್ಮ ರೋಶನನಿಗೆ." ಮೊಣಕೈಯಷ್ಟುದ್ದದ ನುಗ್ಗೆಕಾಯಿಗಳ ಕಟ್ಟು. ನಿಶಾ ಮತ್ತೆಲ್ಲವನ್ನೂ ತೆಗೆದಳು. ಆಗ ಸುಮತಿ, "ಅಜೆಕಾರಿನಿಂದ ಅಮ್ಮ ಕಳಿಸಿದ ಹಲಸಿನ ಹಪ್ಪಳ ಉಂಟು, ಮೇಲೆ ಏನೂ ಇಡ್ಬಾರ್ದು, ಹುಡಿಯಾಗ್ತದೆ" ಎಂದಳು.

ನಿಶಾ ತಲೆಯ ಮೇಲೆ ಕೈಹೊತ್ತು ಪೆಟ್ಟಿಗೆಯನ್ನು ನೋಡಿದಳು. ಆ ಮುಖ ನನಗೆ ಪರಿಚಯವಿತ್ತು. ಬಸ್ಸಿನ ಕಿಟಕಿ ಗಾಜಿನಲ್ಲಿ ದಿನವೂ ನೋಡಿದ್ದೆ. "ಮಾವ," ಎಂದಳು, "ಇವರೆಲ್ಲ ಒಳಗೆ ಇಣುಕಿ ನೋಡಿ ತರುದಾ ಹೇಗೆ? ನೀವೇ ಬನ್ನಿ. ನನಗೆ ಆಗುದಿಲ್ಲ."

ನಾನು ನಿಧಾನವಾಗಿಯೇ ಎದ್ದೆ. ಕುರ್ಚಿ ಬಂತು, ಚಹಾ ಬಂತು. ಗುಳ್ಳಗಳು ಒಂದೊಂದಾಗಿ ಕಾಲುಚೀಲದೊಳಗೆ ಹೋದವು, ನುಗ್ಗೆಕಾಯಿ ಬೆಡ್‌ಶೀಟಿನ ಮಡಿಕೆಗೆ, ಹಪ್ಪಳ ಎರಡು ರಟ್ಟಿನ ನಡುವೆ ನೆಟ್ಟಗೆ ನಿಂತಿತು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಸುಮ್ಮನಿರಲಿಲ್ಲ. "ಲಿಲ್ಲಿ ಬಾಯಿ, ಪ್ರೀತಿ ಇದ್ದರೆ ಸಾಲದು. ಕೊಡುವ ಮೊದಲು ವಸ್ತುವಿನ ಆಕಾರ ನೋಡಬೇಕು. ಕಟ್ಟುವವನೂ ಒಬ್ಬ ಮನುಷ್ಯ ಅಂತ ನೆನಪಿರಬೇಕು" ಎಂದೆಲ್ಲ ಹೇಳಿದೆ. "ಹೌದು ಹೌದು, ತಪ್ಪಾಯ್ತು" ಎಂದು ಅವರು ಸಣ್ಣ ದನಿಯಲ್ಲಿ ಒಪ್ಪಿದರು. ಟೇಪು ಸುತ್ತಿದೆ. ಪೆಟ್ಟಿಗೆಯನ್ನು ಎತ್ತಿ ಅಲುಗಾಡಿಸಿದರೆ ಒಳಗಿಂದ ಒಂದು ಸದ್ದಿಲ್ಲ. ಆ ಆಟದವನು ಬಂದು ಇದನ್ನು ನೋಡಬೇಕಿತ್ತು ಎಂದುಕೊಂಡೆ.

ಆಗ ಹೆರೆಮಣೆಯ ನೆನಪಾಯಿತು.

ಒಳಗೆ ಹೋಗಿ ತಂದೆ. ಅಕ್ಕಿಯ ಮೂಡೆಗೆ ಬೈಹುಲ್ಲು ಸುತ್ತಿದ ಹಾಗೆ ಕಾಗದ ಸುತ್ತಿದ್ದರೂ ಅದರ ಆಕಾರ ಮುಚ್ಚಿರಲಿಲ್ಲ: ಕೆಳಗೆ ಅಗಲದ ಮಣೆ, ಮುಂದೆ ಕತ್ತೆತ್ತಿದ ಕಬ್ಬಿಣ, ತುದಿಯಲ್ಲಿ ಹಲ್ಲಿನ ಚಕ್ರ. ಯಾವ ಕಡೆಯಿಂದ ತಿರುಗಿಸಿದರೂ ಯಾವ ಸಂದಿಗೂ ಹೋಗದ ವಸ್ತು. ನಿಶಾ ಅದನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಆಮೇಲೆ ನನ್ನನ್ನು.

"ಮಾವ, ಆ ಆಟ ಮಾಡಿದವನಿಗೂ ನಿಮಗೂ ಗುರ್ತ ಉಂಟಾ?"

ಲಿಲ್ಲಿ ಬಾಯಿ ಸೆರಗು ಬಾಯಿಗೊತ್ತಿಕೊಂಡರು. ಯಾರೂ ಕೇಳದಿದ್ದರೂ ಸುಮತಿ ಕತ್ತರಿ ತಂದು ನನ್ನ ಕೈಗಿಟ್ಟಳು. ನಾನು ಹೆರೆಮಣೆಯನ್ನು ಒಂದು ಕೈಯಲ್ಲೂ ಕತ್ತರಿಯನ್ನು ಇನ್ನೊಂದರಲ್ಲೂ ಹಿಡಿದು ಪೆಟ್ಟಿಗೆಯ ಮುಂದೆ ನಿಂತೆ. ನಿಶಾ ನನ್ನ ಕುರ್ಚಿಯನ್ನು ತನ್ನ ಕಡೆಗೆ ಎಳೆದುಕೊಂಡು, ಆರಾಮವಾಗಿ ಕುಳಿತು ಹೇಳಿದಳು:

"ಅವಸರ ಎಂತದೂ ಇಲ್ಲ ಮಾವ. ನಿಧಾನ ಯೋಚನೆ ಮಾಡಿ."