ಹನ್ನೆರಡು ವ್ಯಾಗನ್ನು, ಒಂದು ಬಾಬಿನ್ ಕೇಸು

“ಈ ಸಲದ ಪ್ರದರ್ಶನದಲ್ಲಿ ನನ್ನ ರೈಲಲ್ಲಿ ಯಾರಾದ್ರೂ ಒಂದೇ ಒಂದು ತಪ್ಪು ಹುಡುಕಲಿ, ಅರ್ಧ ಮೀಸೆ ಬೋಳಿಸ್ಕೋತೀನಿ!”

ಹೀಗೆಂದು ಶಪಥ ಮಾಡುವಾಗ ಮಿಲಿಮೀಟರ್ ಸಾಹೇಬರ ಬಾಯಲ್ಲಿ ತುತ್ತಿತ್ತು. “ಮೊದಲು ಅದನ್ನ ನುಂಗಿ. ಮೀಸೆ ವಿಚಾರ ಆಮೇಲೆ ನೋಡೋಣ” ಎಂದಳು ಹೆಂಡತಿ.

ಸಾಹೇಬರು ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವರು. ಮಿಲಿಮೀಟರ್ ಎಂದು ಹೆಸರಿಟ್ಟವರು ಅಲ್ಲಿನ ಸಹೋದ್ಯೋಗಿಗಳು. ಅವರು ಕೊಟ್ಟದ್ದು ಗೇಲಿಗೆ, ಇವರು ತೆಗೆದುಕೊಂಡದ್ದು ಬಿರುದು ಎಂದು. ಸಂಜೆ ಮನೆಗೆ ಬಂದವರೇ ಕೈ ತೊಳೆದು ಊಟದ ಮೇಜಿಗೆ ಕೂರುತ್ತಿದ್ದರು. ಊಟಕ್ಕಲ್ಲ, ವ್ಯಾಗನ್ ಕಟ್ಟುವುದಕ್ಕೆ. ನಿಜವಾದ ಗೂಡ್ಸ್ ವ್ಯಾಗನ್ನಿನ ಎಪ್ಪತ್ತಾರನೇ ಒಂದು ಪಾಲಿನ ಪುಟ್ಟ ವ್ಯಾಗನ್ನುಗಳು. ಅಂಗೈಯಲ್ಲಿ ಒಂದು ಹಿಡಿಸುತ್ತದೆ, ಆದರೆ ಅದರ ಮೈಮೇಲೆ ರಿವೆಟ್ಟು, ಬ್ರೇಕು, ತುಕ್ಕು, ಮಳೆಗೆ ಬಣ್ಣ ಕಿತ್ತ ಗುರುತು ಎಲ್ಲವೂ ಉಂಟು.

ಇಂಥ ಪುಟ್ಟ ರೈಲುಗಳ ಹೋದ ವರ್ಷದ ಪ್ರದರ್ಶನದಲ್ಲಿ ತೀರ್ಪುಗಾರರಾಗಿದ್ದವರು ಗಾರ್ಡ್ ತಾತ. ಮೂವತ್ತೊಂದು ವರ್ಷ ಗೂಡ್ಸ್ ಗಾಡಿಯ ಹಿಂದಿನ ಡಬ್ಬಿಯಲ್ಲಿ ಕೂತು ಬಂದ ಮನುಷ್ಯ. ಭೂತಗನ್ನಡಿ ಹಿಡಿದು ಸಾಹೇಬರ ರೈಲನ್ನು ಉದ್ದಕ್ಕೂ ನೋಡಿ, “ಬಾಗಿಲಿಗೆ ಚಿಲಕಾನೇ ಇಲ್ವಲ್ಲಪ್ಪ, ದಾರೀಲಿ ಸಾಮಾನೆಲ್ಲ ಉದುರಿ ಹೋಗತ್ತೆ” ಎಂದು ಮುಂದಿನ ಮೇಜಿಗೆ ನಡೆದುಬಿಟ್ಟಿದ್ದರು. ಆ ಒಂದು ಮಾತು ಸಾಹೇಬರಿಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಎಂಟು ತಿಂಗಳು ಕೂತು ಹೊಸದಾಗಿ ಹನ್ನೆರಡು ವ್ಯಾಗನ್ ಕಟ್ಟಿದರು. ಪಕ್ಕಕ್ಕೊಂದರಂತೆ ಎರಡೆರಡು ಬಾಗಿಲು, ಇಪ್ಪತ್ತನಾಲ್ಕು ಚಿಲಕ. ಕೂದಲಿನಷ್ಟು ತೆಳ್ಳಗಿನ ತಂತಿಯನ್ನು ಚಿಮ್ಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸಿದ್ದು. ಒಂದು ಚಿಲಕವಂತೂ ಸೀನಿಗೆ ಹಾರಿಹೋಗಿ, ಮನೆಯವರೆಲ್ಲ ಒಂದು ವಾರ ಪೊರಕೆ ಮುಟ್ಟುವಂತಿರಲಿಲ್ಲ.

“ಚಿಲಕ ಏನೋ ಚೆನ್ನಾಗಿದೆ. ಬಾಗಿಲು ತೆಗೆಯತ್ತಾ?” ಎಂದು ಹೆಂಡತಿ ಕೇಳಿದ್ದಳು.

“ಎಲ್ಲಿ ತೆಗೆಯತ್ತೆ? ಪೂರ್ತಿ ಅಂಟಿಸಿದ್ದೀನಿ.”

“ತೆಗೆಯದ ಬಾಗಿಲಿಗೆ ಚಿಲಕ ಯಾಕ್ರೀ?”

“ಇದೆಲ್ಲ ನಿಂಗೆ ಅರ್ಥ ಆಗಲ್ಲ ಬಿಡು” ಎಂದಿದ್ದರು ಸಾಹೇಬರು.

ಪ್ರದರ್ಶನ ಭಾನುವಾರ. ಅನಾಹುತ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ.

ಹೆಂಡತಿ ಟೈಲರ್. ಮುಂದಿನ ಕೋಣೆಯಲ್ಲಿ ತನ್ನ ಅಮ್ಮ ಬಿಟ್ಟುಹೋದ ಹಳೆಯ ಮಿಷನ್ ಇಟ್ಟುಕೊಂಡು ಬೀದಿಗೆಲ್ಲ ಹೊಲಿದುಕೊಡುತ್ತಿದ್ದಳು. ಅವತ್ತು ಅವಳ ಮಡಿಲಲ್ಲಿದ್ದದ್ದು ನರ್ಸಕ್ಕನ ಮದುವೆಯ ಬಟ್ಟೆ, ಬಿಳಿ ಸ್ಯಾಟಿನ್ನಿನದು. ನರ್ಸಕ್ಕನಿಗೆ ನಲವತ್ತೆಂಟು ವರ್ಷ. ಊರವರ ಮದುವೆಗೆಲ್ಲ ಓಡಾಡಿ, ಕೊನೆಗೂ ತನಗೊಬ್ಬ ಜೊತೆಗಾರನನ್ನು ಹುಡುಕಿಕೊಂಡಿದ್ದಳು. ನಾಲ್ಕು ಗಂಟೆಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ. ಇನ್ನು ಬಾಕಿ ಇದ್ದದ್ದು ಎರಡು ತೋಳು ಮತ್ತು ಕೆಳಗಿನ ಅಗಲ ಘೇರಿನ ಅಂಚಿಗೆ ಉದ್ದದ ಮಡಿಕೆ.

“ರೀ, ಇಲ್ಲಿ ಸಾಸರಲ್ಲಿ ಬಾಬಿನ್ ಕೇಸ್ ಇಟ್ಟಿದ್ದೆ, ನೋಡಿದ್ರಾ?”

ಬಾಬಿನ್ ಕೇಸ್ ಎಂದರೆ ಮಿಷನ್ನಿನ ಹೊಟ್ಟೆಯೊಳಗೆ ಅಡಿನೂಲಿನ ಉರುಳೆಯನ್ನು ಹಿಡಿದುಕೊಳ್ಳುವ ಉಕ್ಕಿನ ಪುಟ್ಟ ಡಬ್ಬಿ. ಅದಿಲ್ಲದಿದ್ದರೆ ಮಿಷನ್ ಬರೀ ಸದ್ದು ಮಾಡುತ್ತದೆ, ಹೊಲಿಯುವುದಿಲ್ಲ. ಹಿಂದಿನ ದಿನ ಎಣ್ಣೆ ಹಾಕಲು ಅದನ್ನು ತೆಗೆದು ಊಟದ ಮೇಜಿನ ಮೇಲೆ ಸಾಸರಲ್ಲಿ ಇಟ್ಟಿದ್ದಳು.

ಅದೇ ಮೇಜಿನ ಮೇಲೆ, ಅದೇ ಜೊತೆಯ ಇನ್ನೊಂದು ಸಾಸರಲ್ಲಿ, ಸಾಹೇಬರ ಕಬ್ಬಿಣದ ನಟ್ಟುಗಳಿದ್ದವು. ಪುಟ್ಟ ವ್ಯಾಗನ್ನು ಹಗುರವಾದರೆ ಹಳಿ ತಪ್ಪುತ್ತದೆ. ಹಾಗಾಗಿ ಹಿಂದಿನ ರಾತ್ರಿ ಒಳಗೆ ಭಾರ ತುಂಬಿ, ಒಂದೊಂದೂ ಸರಿಯಾಗಿ ಐವತ್ತು ಗ್ರಾಂ ತೂಗುವಂತೆ ಮಾಡಿ, ಮೇಲೆ ಚಾವಣಿ ಅಂಟಿಸಿಬಿಟ್ಟಿದ್ದರು. ಸಾಹೇಬರಿಗೆ ನಿಧಾನವಾಗಿ ನೆನಪಾಯಿತು. ಕೊನೆಯಲ್ಲಿ ನಟ್ಟು ಸಾಲದೆ ಬಂದಿತ್ತು. ಕಣ್ಣು ತಕ್ಕಡಿಯ ಮೇಲೆ ಇತ್ತು, ಕೈ ಸಾಸರಿನ ಮೇಲೆ. ಉರುಟಾದ ಏನೋ ಒಂದು ಕೈಗೆ ಬಂತು. ಇಟ್ಟರು. ಐವತ್ತು ಗ್ರಾಂ ಬಂತು. ಖುಷಿಯಿಂದ ಸಿಳ್ಳೆ ಹಾಕಿದ್ದೂ ನೆನಪಾಯಿತು.

“ನೋಡಿದ್ದೆ” ಎಂದರು, ಸಣ್ಣ ದನಿಯಲ್ಲಿ.

“ಎಲ್ಲಿದೆ?”

“ರೈಲಲ್ಲಿ.”

ಹೆಂಡತಿ ಕತ್ತರಿ ಕೆಳಗಿಟ್ಟಳು. ಅವಳು ಕತ್ತರಿ ಕೆಳಗಿಟ್ಟಳೆಂದರೆ ಮಾತು ಗಂಭೀರವಾಯಿತೆಂದು ಅರ್ಥ. “ಯಾವ ವ್ಯಾಗನ್ನು?”

ಅಲ್ಲಿಂದ ಸಾಹೇಬರ ನಿಜವಾದ ಪಾಡು ಶುರುವಾಯಿತು. ತೂಕ ಮಾಡಿ ಕಂಡುಹಿಡಿಯೋಣವೆಂದರೆ ಹನ್ನೆರಡೂ ಐವತ್ತು ಗ್ರಾಂ. ಅಲ್ಲಾಡಿಸಿ ನೋಡೋಣವೆಂದರೆ ಒಳಗಿನದ್ದೆಲ್ಲ ಗೋಂದಿನಲ್ಲಿ ಗಟ್ಟಿಯಾಗಿ ಕೂತಿದೆ. ಹೆಂಡತಿ ಸೂಜಿ ಹೆಕ್ಕುವ ಅಯಸ್ಕಾಂತ ತಂದಳು. ಹನ್ನೆರಡು ವ್ಯಾಗನ್ನೂ ಒಂದಾದ ಮೇಲೊಂದು ಎದ್ದು ಬಂದು ಅದಕ್ಕೆ ಅಂಟಿಕೊಂಡವು. ನಟ್ಟು, ಅಚ್ಚು ಎಲ್ಲವೂ ಕಬ್ಬಿಣವೇ ತಾನೆ.

“ಕೊನೇಲಿ ಕಟ್ಟಿದ್ದು ಯಾವುದು ಹೇಳಿ. ನಟ್ಟು ಮುಗಿದಿದ್ದು ಕೊನೇಲಲ್ವಾ?” ಹೆಂಡತಿಯ ಲೆಕ್ಕ ಸರಿಯಾಗಿಯೇ ಇತ್ತು.

“ನಂಬರ್ ಬರೆಯೋ ಮುಂಚೆ ಎಲ್ಲಾನೂ ಕಲಸಿಬಿಟ್ಟೆ.”

“ಯಾಕೆ?”

“ನಿಜವಾದ ರೈಲಲ್ಲಿ ನಂಬರ್ ಸಾಲಾಗಿ ಬರಲ್ಲ ಕಣೇ.”

ಸಾಹೇಬರು ನೋಟ್‌ಬುಕ್ ತೆರೆದರು. ಪ್ರತಿ ವ್ಯಾಗನ್ನಿಗೂ ಒಂದು ಪುಟ. ಚಕ್ರದ ನಡುವಿನ ಅಂತರ, ಎಷ್ಟು ಕೋಟ್ ಬಣ್ಣ, ಬಣ್ಣ ಒಣಗಿದ ಹೊತ್ತು, ಅವತ್ತು ಕಿಟಕಿ ತೆರೆದಿತ್ತೋ ಮುಚ್ಚಿತ್ತೋ ಎನ್ನುವವರೆಗೆ ಎಲ್ಲ ಬರೆದಿತ್ತು. ಒಳಗೇನಿದೆ ಎಂಬಲ್ಲಿ ಮಾತ್ರ ಹನ್ನೆರಡು ಪುಟದಲ್ಲೂ ‘ಭಾರ’ ಎಂದಷ್ಟೇ ಇತ್ತು.

“ಹೊಸದು ತಂದುಬಿಡ್ತೀನಿ, ಹತ್ತೇ ನಿಮಿಷ.”

“ಅಮ್ಮನ ಕಾಲದ ಮಿಷನ್ನು ರೀ. ಈಗಿನ ಯಾವ ಕೇಸೂ ಇದಕ್ಕೆ ಕೂರಲ್ಲ. ಕೈಯಲ್ಲಿ ಹೊಲಿದ್ರೆ ನಾಳೆ ಮಧ್ಯಾಹ್ನ ಆಗತ್ತೆ.” ಹೆಂಡತಿ ಸ್ಯಾಟಿನ್ನನ್ನು ಸುಮ್ಮನೆ ಸವರಿದಳು. “ಅಮ್ಮ ಆಸ್ಪತ್ರೇಲಿದ್ದಾಗ ನರ್ಸಕ್ಕ ಡ್ಯೂಟಿ ಮುಗಿದ್ಮೇಲೂ ಬಂದು ಪಕ್ಕದಲ್ಲಿ ಕೂತ್ಕೊಳ್ಳೋಳು. ಅವಳಿಗೆ ನಾನು ಬೇರೇನೂ ಕೊಟ್ಟಿಲ್ಲ. ಇದೊಂದು ಬಟ್ಟೆ ಹೊತ್ತಿಗೆ ಕೊಡ್ತೀನಿ ಅಂದಿದ್ದೆ.”

ಅವಳು ಬೈದಿದ್ದರೆ ಸಾಹೇಬರು ತಿರುಗಿ ಏನಾದರೂ ಅನ್ನುತ್ತಿದ್ದರು. ಬೈಯಲಿಲ್ಲ. ಸಾಹೇಬರು ಎಂಟು ತಿಂಗಳ ರೈಲನ್ನು ಒಮ್ಮೆ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಕೊನೆಗೆ ಬ್ಲೇಡು ಕೈಗೆತ್ತಿಕೊಂಡು ಮೊದಲನೇ ವ್ಯಾಗನ್ನಿನ ಚಾವಣಿಯ ಮೇಲೆ ಇಟ್ಟರು.

“ಅಯ್ಯೋ, ತಡೀರಿ. ಚಾವಣಿ ಯಾಕೆ ಕೀಳ್ತೀರಿ?” ಹೆಂಡತಿ ಬ್ಲೇಡು ಕಿತ್ತುಕೊಂಡಳು. “ಬಟ್ಟೆ ಬಿಚ್ಚಬೇಕಾದ್ರೆ ಹೊಲಿಗೆ ಮೇಲೇ ಬಿಚ್ತಾರೆ, ಮಧ್ಯಕ್ಕೆ ಹರೀತಾರಾ? ನೀವೇ ಇಷ್ಟು ಚೆಂದವಾಗಿ ಬಾಗಿಲಿನ ಗೆರೆ ಕೊರೆದಿದ್ದೀರಿ. ಆ ಗೆರೆ ಮೇಲೇ ಹೋದ್ರಾಯ್ತು.”

ಸಾಹೇಬರು ಹಿಡಿದುಕೊಂಡರು, ಹೆಂಡತಿ ಕೊರೆದಳು. ಚಿಲಕ ಅಲುಗದಂತೆ ಒಂದು ಪಕ್ಕದ ಬಾಗಿಲು ಹೊರಬಂತು. ಒಳಗೆ ನಟ್ಟು. ಎರಡನೆಯದರಲ್ಲೂ ನಟ್ಟು. ಐದನೆಯದಕ್ಕೆ ಹನ್ನೊಂದೂವರೆಯಾಯಿತು. ಎಂಟನೆಯದರ ಹೊತ್ತಿಗೆ ಸಾಹೇಬರು ಉಗುರು ಕಚ್ಚತೊಡಗಿದ್ದರು. ಹತ್ತನೇ ವ್ಯಾಗನ್ನಿನ ಬಾಗಿಲು ತೆಗೆದಾಗ, ಒಳಗಿನಿಂದ ಬಾಬಿನ್ ಕೇಸು ಮಿಣಮಿಣ ಹೊಳೆಯಿತು. ಗೋಂದು ಕೆರೆದು, ಒರೆಸಿ, ಎಣ್ಣೆ ಹಾಕಿ ಕೂರಿಸಿದಾಗ ಹನ್ನೆರಡೂಮುಕ್ಕಾಲು.

ಮಿಷನ್ ಓಡಿತು. ಗೂಡ್ಸ್ ಗಾಡಿಗಿಂತ ಚೆಂದದ ಸದ್ದು ಎಂದು ಸಾಹೇಬರಿಗೆ ಆ ಕ್ಷಣಕ್ಕೆ ಅನ್ನಿಸಿದ್ದು ಸುಳ್ಳಲ್ಲ. ಮೂರು ಗಂಟೆಗೆ ಬಂದ ನರ್ಸಕ್ಕ ಬಟ್ಟೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಇಪ್ಪತ್ತು ವರ್ಷ ಎಲ್ಲರಿಗೂ ಧೈರ್ಯ ಹೇಳಿದ ಹೆಂಗಸು ಹೆಂಡತಿಯ ಕೈ ಹಿಡಿದುಕೊಂಡು ಅತ್ತಳು. ಹೆಂಡತಿಯೂ ಅತ್ತಳು. ಸಾಹೇಬರು ಏನು ಮಾಡುವುದೆಂದು ತಿಳಿಯದೆ ಇಬ್ಬರಿಗೂ ನೀರು ತಂದುಕೊಟ್ಟರು.

ಮದುವೆ ಮುಗಿಸಿ ಬಂದ ಮೇಲೆ ಸಾಹೇಬರು ಬಾಗಿಲು ಬಿಚ್ಚಿದ ಹತ್ತು ವ್ಯಾಗನ್ನುಗಳ ಮುಂದೆ ತಲೆ ಮೇಲೆ ಕೈಹೊತ್ತು ಕೂತರು. “ಹೋಗ್ಲಿ ಬಿಡು. ಮುಂದಿನ ವರ್ಷ ನೋಡೋಣ.”

“ಮುಂದಿನ ವರ್ಷ ಯಾಕೆ? ಸರೀರಿ ಆ ಕಡೆ” ಎಂದು ಹೆಂಡತಿ ಕುರ್ಚಿ ಎಳೆದುಕೊಂಡಳು. ಮದುವೆಯ ಬಟ್ಟೆಯಲ್ಲಿ ಉಳಿದ ಸ್ಯಾಟಿನ್ ಚೂರನ್ನು ಎಳೆಯಷ್ಟು ಸಣ್ಣಗೆ ಕತ್ತರಿಸಿ, ಒಂದೊಂದು ಬಾಗಿಲಿಗೂ ಒಳಗಡೆಯಿಂದ ಬಟ್ಟೆಯ ಕೀಲು ಅಂಟಿಸಿದಳು. ಊಟದ ಹೊತ್ತಿಗೆ ಬಾಗಿಲುಗಳೆಲ್ಲ ತೆರೆದು ಮುಚ್ಚತೊಡಗಿದವು. ಸಾಹೇಬರು ಒಂದನ್ನೇ ಹದಿನೈದು ಸಲ ತೆರೆದು ಮುಚ್ಚಿದರು.

ಭಾನುವಾರ ಗಾರ್ಡ್ ತಾತ ಭೂತಗನ್ನಡಿ ಹಿಡಿದು ಬಂದರು. ಚಿಲಕ ನೋಡಿದರು, ತಲೆಯಾಡಿಸಿದರು. ಉಗುರಿನ ತುದಿ ತಾಗಿಸಿದರೆ ಬಾಗಿಲು ತೆರೆಯಿತು. ತಾತನ ಮುಖ ಅರಳಿತು. ಒಂದೊಂದಾಗಿ ಹತ್ತೂ ತೆರೆದು ಒಳಗೆ ಇಣುಕಿದರು.

“ಇಷ್ಟು ವರ್ಷದಲ್ಲಿ ಬಾಗಿಲು ತೆಗೆಯೋ ವ್ಯಾಗನ್ನು ಇದೇ ಮೊದಲು ನೋಡ್ತಿರೋದು. ಈ ಕೀಲು ಎಷ್ಟು ಮಿಲಿಮೀಟರ್ ಅಗಲಪ್ಪ?”

ಸಾಹೇಬರು ಬಾಯಿ ತೆರೆದರು. ಅದನ್ನು ಅಳೆದೇ ಇರಲಿಲ್ಲ. ಹೆಂಡತಿಯತ್ತ ನೋಡಿದರು.

“ಕಣ್ಣಂದಾಜು ಸಾರ್” ಎಂದಳು ಅವಳು.

ತಾತ ಮೊದಲ ಬಹುಮಾನದ ಚೀಟಿಯನ್ನು ರೈಲಿನ ಮುಂದೆ ಇಟ್ಟರು. ಇಟ್ಟವರು ಮತ್ತೆ ಬಗ್ಗಿದರು. “ತಪ್ಪು ಅಂದ್ರೆ ಇದೊಂದೇ. ಕೊನೇ ಎರಡು ವ್ಯಾಗನ್ನು ತೆಗೆಯಲ್ವಲ್ಲ, ಯಾಕೆ?”

“ಆ ಎರಡನ್ನ ತೆಗೆಯೋ ಮುಂಚೆ ನನ್ನ ಸಾಮಾನು ಸಿಕ್ತು ಸಾರ್” ಎಂದಳು ಹೆಂಡತಿ.

ತಾತನಿಗೆ ಅರ್ಥವಾಗಲಿಲ್ಲ, ನಕ್ಕು ಮುಂದೆ ಹೋದರು. ಸಾಹೇಬರಿಗೆ ಮಾತ್ರ ‘ತಪ್ಪು’ ಎಂಬ ಶಬ್ದ ಕಿವಿಯಲ್ಲೇ ಉಳಿಯಿತು. ಬಹುಮಾನದ ಚೀಟಿ ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮೆಲ್ಲಗೆ ಮೀಸೆ ಮುಟ್ಟಿಕೊಂಡರು.

ಹೆಂಡತಿ ಅದನ್ನು ನೋಡಿಯೇಬಿಟ್ಟಳು. “ಎಡಗಡೇದೋ ಬಲಗಡೇದೋ, ಮನೆಗೆ ಹೋಗೋಷ್ಟರಲ್ಲಿ ಯೋಚಿಸಿ ಇಟ್ಕೊಳ್ಳಿ. ಅರ್ಧ ಎಲ್ಲಿಗೆ ಬರತ್ತೆ ಅಂತ ನಾನು ನೋಡ್ಕೋತೀನಿ, ಕಣ್ಣಂದಾಜಲ್ಲಿ.”