ಎರಡು ಸಲ ಸತ್ತ ರಾಜ

ಓದಿದವನ ದೊಡ್ಡ ತೊಂದರೆಯೆಂದರೆ, ಟಿ.ವಿ. ಮುಂದೆ ಕೂತಾಗಲೂ ಬಾಯಿ ಮುಚ್ಚಿಕೊಂಡಿರಲು ಆಗದಿರುವುದು. ದೇವರನ್ನು, ದಿನಭವಿಷ್ಯವನ್ನು, ಹಾಲಿನವನ ಹಾಲನ್ನು ಅನುಮಾನಿಸುವುದನ್ನು ವಿಶ್ವವಿದ್ಯಾಲಯ ನನಗೆ ಕಲಿಸಿತು. ನನ್ನ ನೆನಪನ್ನು ಅನುಮಾನಿಸುವ ಕೆಲಸವನ್ನು ಮಾತ್ರ ಹೆಂಡತಿಗೆ ಬಿಟ್ಟಿತು.

ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಕೆಲವು ದಿನಗಳಿಂದ ಒಂದು ಅಂತರಿಕ್ಷದ ಧಾರಾವಾಹಿ ನೋಡುತ್ತಿದ್ದೇವೆ. ಅದರ ಮುದುಕ ಕಮಾಂಡರ್ ನೌಕೆಗೆ ಬೆಂಕಿ ಬಿದ್ದರೂ ಒಂದು ಹಳೆಯ ಇಂಗ್ಲಿಷ್ ದುರಂತ ನಾಟಕದ ಸಾಲುಗಳನ್ನೇ ಹೇಳುತ್ತಾನೆ. ಆ ನಾಟಕ ಎಂ.ಎ.ಯಲ್ಲಿ ನನಗೆ ಪಠ್ಯವಾಗಿತ್ತು. ಸರಿ, ನಡುನಡುವೆ ನಿಲ್ಲಿಸಿ, ಇದು ಎರಡನೇ ಅಂಕ, ಇದು ಮೂರನೇ ಅಂಕ ಎಂದು ವಿವರಿಸತೊಡಗಿದೆ. ಹೆಂಡತಿ ರಿಮೋಟ್ ಬಚ್ಚಿಟ್ಟಳು. ಹಾವೇರಿಯ ಗೆಳೆಯರು ಮಾತ್ರ ತಮ್ಮ ಓದುಗರ ಕೂಟದಲ್ಲಿ ಭಾನುವಾರ ಇದೇ ವಿಷಯ ಮಾತಾಡಲು ಕರೆದರು. ನನ್ನ ಮಾತಿನ ಜೀವಾಳ ಒಂದೇ: ಕಮಾಂಡರ್ ವಿಷ ಕುಡಿದು ಸಾಯುತ್ತಾನೆ, ಎದ್ದು ಕೂರುತ್ತಾನೆ, ಅದೇ ಮಾತು ಹೇಳಿ ಮತ್ತೆ ಸಾಯುತ್ತಾನೆ. ನಾಟಕದ ರಾಜನೂ ಹಾಗೆಯೇ. ಇದು ಯಾವ ವಿಮರ್ಶಕನಿಗೂ ಹೊಳೆದಿರಲಿಲ್ಲ.

ಶನಿವಾರ ಹೆಂಡತಿ ನನ್ನ ಹಳೆಯ ಪಠ್ಯವನ್ನೇ ತೆಗೆದು ಕೊನೆಯ ಅಂಕ ಓದಿದಳು. ಆ ಹಾಳೆಗಳು ಏಕೋ ಇನ್ನೂ ಹೊಸದಾಗಿಯೇ ಇದ್ದವು.

"ಇದರಾಗ ರಾಜ ಒಮ್ಮೆ ಸತ್ತಾನ್ರೀ. ಸತ್ತಾವ ಎದ್ದಿಲ್ಲ."

ಮುದ್ರಣದಲ್ಲಿ ಏನೋ ಬಿಟ್ಟುಹೋಗಿರಬೇಕು ಎಂದೆ. ಕಿರೀಟ ಸರಿಮಾಡಿಕೊಂಡು, ಬೆನ್ನಿನ ಧೂಳು ಕೊಡವಿಕೊಂಡು ಏಳುವ ರಾಜ ನನ್ನ ಕಣ್ಣಿಗೆ ಕಟ್ಟಿದಂತಿದ್ದ.

ಬ್ಯಾಡಗಿಯಿಂದ ಬಂದಿದ್ದ ಸೋದರತ್ತೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ ತಲೆಯೆತ್ತಿದಳು.

"ಅದು ಕಾಗಿನೆಲ್ಯಾಗ ನೋಡಿದ ಕಂಪನಿ ನಾಟಕ ಅಲ್ಲೇನೋ ತಮ್ಮಾ? ಅದ ಕಥೀನ ಕನ್ನಡದಾಗ ಮಾಡಿದ್ರು. ರಾಜ ವಿಷಾ ಕುಡದು, ಹಾಡು ಹೇಳಿ ಸತ್ತ. ಮಂದಿ ವನ್ಸ್ ಮೋರ್ ಅಂದ್ರು. ಪಾಪ, ಎದ್ದು ಇನ್ನೊಮ್ಮೆ ಹಾಡಿ ಸತ್ತ. ನೀನ ನನ್ನ ತೊಡೀಮ್ಯಾಲ ನಿಂತು ಎಲ್ಲಾರಕಿಂತ ಜೋರು ಒದರಿದ್ದಿ."

ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಹೋದಳು. ನಾನು ಗೋಡೆಗೆ ತೂಗುಹಾಕಿದ್ದ ಪದವಿಪತ್ರದ ಕಡೆ ನೋಡುವುದನ್ನು ತಪ್ಪಿಸಿದೆ.

ಭಾನುವಾರ ಹಾವೇರಿಯಲ್ಲಿ ಜೀವಾಳ ತೆಗೆದ ಭಾಷಣ ಚಹಾ ಬರುವ ಮೊದಲೇ ಮುಗಿಯಿತು. ಕೂತೆ. ಚಪ್ಪಾಳೆ ಹೊಡೆಯಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಆ ಮೌನದಲ್ಲಿ ಹಿಂದಿನ ಸಾಲಿನಿಂದ, ನನ್ನ ಜೊತೆಗೇ ಬಂದಿದ್ದ ಸೋದರತ್ತೆಯ ದನಿ ಸ್ಪಷ್ಟವಾಗಿ ಕೇಳಿಸಿತು: "ವನ್ಸ್ ಮೋರ್."

ಎದ್ದೆ. ಮೊದಲಿನ ಸಲಕ್ಕಿಂತ ಎರಡನೆಯ ಸಲ ಚೆನ್ನಾಗಿ ಸತ್ತೆನೆಂದು ಅವಳ ಅಭಿಪ್ರಾಯ.