ಸೊನ್ನೆಯಿಂದ ಸೊನ್ನೆಗೆ ಏರಿದ ಗೆರೆ

ನಗರದ ಕುಡಿಯುವ ನೀರಿನ ದೂರುಗಳೆಲ್ಲವೂ ಒಂದೇ ಮಧ್ಯಾಹ್ನ, ಒಂದು ಪೈಪನ್ನೂ ಅಗೆಯದೆ ನಿವಾರಣೆಯಾದವು ಎಂದು ನೀರು ಸರಬರಾಜು ಕಚೇರಿಯು ಸಾರ್ವಜನಿಕರಿಗೆ ಹರ್ಷದಿಂದ ತಿಳಿಸಿತು.

ಇದರ ಕೀರ್ತಿ ಸಲ್ಲಬೇಕಾದದ್ದು ಕಚೇರಿಯ ವೆಬ್‌ಸೈಟಿಗೆ ಗ್ರಾಫ್ ಮಾಡುವ ಹೆಂಗಸಿಗೆ. ಎಲ್ಲರ ಬಾಯಲ್ಲೂ ಅವಳು ಗ್ರಾಫ್ ಮೇಡಂ. ತಿಂಗಳು ತಿಂಗಳು ಎಷ್ಟು ದೂರು ಬಂದವೆಂದು ಗೆರೆ ಎಳೆದು, ಎಡಗಡೆ ಸಂಖ್ಯೆಗಳನ್ನು ಸಾಲಾಗಿ ನಿಲ್ಲಿಸುವುದು ಅವಳ ಕೆಲಸ. ಪಾಪ, ಅವಳ ಮನೆಯ ನಲ್ಲಿಯೂ ಒಣಗಿತ್ತು. ಮಂಡಿನೋವಿನ ಅತ್ತೆ ದಿನಾ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಲ್ಲುತ್ತಿದ್ದರು.

"ಏನಮ್ಮಾ ಇದು, ಇಪ್ಪತ್ತು ಸಾವಿರ, ಇಪ್ಪತ್ತೈದು ಸಾವಿರ!" ಎಂದರು ಸಾಹೇಬರು. "ಮಂತ್ರಿಗಳ ಮೊಬೈಲಲ್ಲಿ ಅರ್ಧ ಪರದೆ ಸೊನ್ನೆಗಳೇ ತುಂಬ್ಕೊಂಡಿವೆ. ಲಕ್ಷದಲ್ಲಿ ಹಾಕಿ. ದಶಾಂಶ ಬೇಡ, ಚುಕ್ಕಿ ಕಂಡ್ರೆ ಜನಕ್ಕೆ ಅನುಮಾನ."

ಹಾಕಿದಳು. ಕೆಳಗಿನಿಂದ ಮೇಲಿನವರೆಗೆ ಒಂದೇ ಸಮನೆ ಬಂತು: ಸೊನ್ನೆ ಲಕ್ಷ, ಸೊನ್ನೆ ಲಕ್ಷ, ಸೊನ್ನೆ ಲಕ್ಷ.

"ಸಾರ್, ಎಲ್ಲಾ ಸೊನ್ನೆ ಆಗೋಯ್ತು."

"ಲೆಕ್ಕ ತಪ್ಪಾ?"

"ತಪ್ಪಲ್ಲ ಸಾರ್. ಇಪ್ಪತ್ತೈದು ಸಾವಿರ ಅಂದ್ರೆ ಲಕ್ಷದ ಲೆಕ್ಕಕ್ಕೆ ಸೊನ್ನೆನೇ."

"ಮತ್ತಿನ್ನೇನು? ಹಾಗೇ ಇರ್ಲಿ ಬಿಡಿ."

ಸಾಹೇಬರೇ ಹೇಳಿದ ಮೇಲೆ ತನ್ನದೇನು ಎಂದು ಅವಳು ಗುಂಡಿ ಒತ್ತಿದಳು. ಗ್ರಾಫ್ ವೆಬ್‌ಸೈಟ್ ಹತ್ತಿತು. ಗೆರೆ ಮಾತ್ರ ಸೊನ್ನೆಯಿಂದ ಸೊನ್ನೆಗೆ ಭರ್ಜರಿಯಾಗಿ ಏರುತ್ತಿತ್ತು. ಅದನ್ನು ಇಲಾಖೆಯ ಪ್ರಗತಿ ಎಂದು ಪರಿಗಣಿಸಲಾಯಿತು.

ಮರುದಿನವೇ ಆದೇಶ ಹೊರಟಿತು: "ದೂರುಗಳು ಸೊನ್ನೆಯಾಗಿರುವ ಕಾರಣ, ದೂರಿನ ಆಧಾರದ ಮೇಲೆ ಕಳುಹಿಸಲಾಗುತ್ತಿದ್ದ ಟ್ಯಾಂಕರುಗಳನ್ನು ಹಿಂಪಡೆಯಲಾಗಿದೆ." ಗ್ರಾಫ್ ಮೇಡಂ ಬೀದಿಯ ಟ್ಯಾಂಕರೂ ಹೋಯಿತು. ಅಯ್ಯೋ, ನನ್ನ ಕೈಯಾರೆ ಮಾಡಿದೆನಲ್ಲ ಎಂದು ಅವಳ ಜೀವ ಹಿಂಡಿದಂತಾಯಿತು.

ಅತ್ತೆ ಬಿಡುವವರಲ್ಲ. ಕುಂಟುತ್ತಲೇ ಕಚೇರಿಗೆ ಬಂದು ದೂರಿನ ಕಿಟಕಿಯಲ್ಲಿ ಮುಖ ತೂರಿಸಿದರು. ಗುಮಾಸ್ತ ಕಂಪ್ಯೂಟರನ್ನು ಅವರತ್ತ ತಿರುಗಿಸಿ ಗ್ರಾಫ್ ತೋರಿಸಿದ.

"ನೋಡಿ ಅಮ್ಮಾ, ದೂರೇ ಇಲ್ಲ."

"ಅಯ್ಯೋ ನಿನ್ನ! ನಾನು ಇಲ್ಲೇ ನಿಂತಿದೀನಲ್ಲಪ್ಪಾ!"

"ನೀವಿದೀರಿ ಅಮ್ಮಾ, ಯಾರು ಇಲ್ಲ ಅಂದ್ರು? ಆದ್ರೆ ಲಕ್ಷದಲ್ಲಿ ಇಲ್ಲ."

ಗದ್ದಲ ಕೇಳಿ ಸಾಹೇಬರೇ ಎದ್ದು ಬಂದರು. ವಯಸ್ಸಾದವರೆಂದು ಮರುಗಿ, ನಿಂತಲ್ಲೇ ನಿಯಮವೊಂದನ್ನು ಹೊರಡಿಸಿದರು: ಐವತ್ತು ಸಾವಿರ ಮನೆಯವರು ಒಟ್ಟಿಗೆ ನೀರಿಲ್ಲವೆಂದರೆ, ಅದನ್ನು ಮೇಲಕ್ಕೆ ಸರಿಹೊಂದಿಸಿ ಒಂದು ಲಕ್ಷವೆಂದು ತೋರಿಸಲಾಗುವುದು. ಟ್ಯಾಂಕರನ್ನೂ ಆಗ ಪರಿಶೀಲಿಸಲಾಗುವುದು.

"ಅರ್ಧ ತಂದ್ರೆ ಪೂರ್ತಿ ಕೊಡ್ತಾರಂತೆ, ಎಂಥ ದೊಡ್ಡ ಮನಸ್ಸು!" ಎಂದು ಅತ್ತೆ ಕಣ್ಣೊರೆಸಿಕೊಂಡರು. ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಂಜೆ ನೀರಿಲ್ಲದವರ ಲೆಕ್ಕ ಬರೆದುಕೊಳ್ಳಲು ಅತ್ತೆಯ ಹಿಂದೆ ಅವಳೂ ಮನೆ ಮನೆ ಹತ್ತಿದಳು.

ಒಂದಿಷ್ಟು ದಿನದಲ್ಲಿ ಊರಿಗೆ ಊರೇ ಈ ಕೆಲಸಕ್ಕೆ ಬಿತ್ತು. ನೀರಿಲ್ಲದವರಿಗೆ ಎಲ್ಲಿಲ್ಲದ ಮರ್ಯಾದೆ. ಅಂಥವರು ಸಿಕ್ಕರೆ ಅತ್ತೆ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಲೆಕ್ಕ ಇನ್ನೇನು ಐವತ್ತು ಸಾವಿರ ಮುಟ್ಟಬೇಕು, ಅಷ್ಟರಲ್ಲಿ ಹಿಂದಿನ ಬೀದಿಯ ನಲ್ಲಿಗಳು ಗೊರಗೊರ ಸದ್ದು ಮಾಡಿ ನೀರು ಸುರಿಸಿದವು.

"ಹಾಳಾದ ನೀರು! ಈಗಲೇ ಬರ್ಬೇಕಿತ್ತಾ?" ಅತ್ತೆ ಕುಂಟುತ್ತಲೇ ಓಡಿ ಹೋಗಿ ಕೂಗಾಡಿದರು. "ಯಾರೂ ಹಿಡೀಬೇಡ್ರಪ್ಪಾ, ನಿಮ್ಮ ದಮ್ಮಯ್ಯ! ಲೆಕ್ಕ ಕೆಡತ್ತೆ!"

ಆ ಬೀದಿಯವರು ನಾಚಿಕೊಂಡರು. ತಪ್ಪಾಯ್ತು ತಾಯಿ ಎಂದು ತುಂಬಿದ ಕೊಡಗಳನ್ನು ಚರಂಡಿಗೆ ಸುರಿದು ನಲ್ಲಿ ನಿಲ್ಲಿಸಿದರು. ಗ್ರಾಫ್ ಮೇಡಂ ಬಾಯಾರಿದ ತುಟಿ ಸವರಿಕೊಳ್ಳುತ್ತಾ, ಎಲ್ಲಾದರೂ ಹನಿ ಸೋರುತ್ತಿದೆಯೇ ಎಂದು ಮನೆ ಮನೆಗೂ ಹೋಗಿ ನಲ್ಲಿಗಳನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸಿ ಬಂದಳು.